ಮುಚ್ಚಳವಿಲ್ಲದ ಅಕ್ಷರ

ಸಹನಾ, ಚಿನ್ಮಯ್,

ಸಂಕ್ರಾಂತಿಗೆ ನೀವು ಅಜ್ಜಂಪುರಕ್ಕೆ ಬಂದಿದ್ದಾಗ ನಾವು ಮೂವರೂ ಪಡಸಾಲೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು, ನೆನಪಿದೆಯಾ? ಸಹನಾ ತನ್ನ ಕಾಲೇಜಿನ ಪಾಠದ ವಿಷಯ ಹೇಳುತ್ತಿದ್ದಳು. ಮಾತಿನ ನಡುವೆ ಎದ್ದು ಬಚ್ಚಲುಮನೆಗೆ ಹೋದ ನಾನು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು. ಸೋಪು ಬಿತ್ತು ಅಂದೆ. ಚಿನ್ಮಯ್ ನಂಬಿದ. ಸಹನಾ ನಂಬಲಿಲ್ಲ, ಆದರೆ ಕೆದಕಲಿಲ್ಲ.

ನನಗೆ ಎದುರಿಗೆ ಕೂತು ಹೇಳುವುದಕ್ಕೆ ಬರುವುದಿಲ್ಲ. ನಿಮ್ಮ ತಾತ ಇದ್ದಾಗಲೂ ಹಾಗೇ. ಏನಾದರೂ ಮುಖ್ಯವಾದ ಮಾತಿದ್ದರೆ ಅವರು ಉಣ್ಣುತ್ತಿರುವಾಗ ಬೆನ್ನು ತಿರುಗಿಸಿಕೊಂಡು ಒಲೆಯ ಕಡೆ ನೋಡುತ್ತಾ ಹೇಳುತ್ತಿದ್ದೆ. "ನಂಗೆ ಹೇಳ್ತಿದ್ದೀಯೋ, ಒಲೆಗೆ ಹೇಳ್ತಿದ್ದೀಯೋ?" ಅನ್ನುತ್ತಿದ್ದರು. ಈಗ ಕಾಗದಕ್ಕೆ ಹೇಳುತ್ತಿದ್ದೇನೆ. ನಾನು ಓದಿದ್ದು ಯಗಟಿ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೇ ತರಗತಿವರೆಗೆ. ತಪ್ಪು ಕಂಡರೆ ನಗಬೇಡಿ.

ಸಹನಾ ಹೇಳಿದ ಪಾಠವನ್ನು ಮೊದಲು ಬರೆಯುತ್ತೇನೆ. ಚಿನ್ಮಯ್ ಆಗ ಅರ್ಧ ಮೊಬೈಲಿನಲ್ಲಿದ್ದ.

ಇಂಗ್ಲಿಷಿನಲ್ಲಿ ಯಹೂದಿಗಳನ್ನು ಹಳಿಯುವ ಒಂದು ಪದವಿದೆ. ಬಹಳ ಹೊಲಸು ಪದ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಅದು ಎಲ್ಲಿಂದ ಹುಟ್ಟಿತು ಅನ್ನುವುದಷ್ಟೇ ನಮಗೆ ಬೇಕು. ಹಿಂದೆ ಯೂರೋಪಿನಲ್ಲಿ ಬದುಕಲಾಗದ ಬಡ ಯಹೂದಿಗಳು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಅಕ್ಷರ ಬರುತ್ತಿರಲಿಲ್ಲ. ರುಜು ಹಾಕಲು ಬಾರದವರು ಒಂದು ಗೀಟಿನ ಮೇಲೆ ಇನ್ನೊಂದು ಗೀಟು ಅಡ್ಡ ಎಳೆದರೆ ಸಾಕು ಎಂದು ಬಂದರಿನ ಅಧಿಕಾರಿಗಳು ಹೇಳುತ್ತಿದ್ದರಂತೆ. ಇವರ ಕಣ್ಣಿಗೆ ಅದು ಶಿಲುಬೆಯ ಹಾಗೆ ಕಂಡಿತು. ಶಿಲುಬೆಯ ಹೆಸರು ಹೇಳಿಕೊಂಡು ಬಂದವರಿಂದ ತಲೆತಲಾಂತರ ಏಟು ತಿಂದ ಜನ. ಅದನ್ನು ಎಳೆಯಲು ಕೈ ಬರಲಿಲ್ಲ. ಬದಲಿಗೆ ಒಂದು ಸೊನ್ನೆ ಸುತ್ತಿದರು. ಅವರ ಮನೆಮಾತಿನಲ್ಲಿ ಸೊನ್ನೆಗೆ ಕೈಕಲ್ ಅನ್ನುತ್ತಾರಂತೆ.

"ಕೈಕಾಲಾ?" ಅಂದೆ ನಾನು.

"ಕೈಕಾಲಲ್ಲ ಅಜ್ಜಿ, ಕೈಕಲ್!" ಅಂದು ಸಹನಾ ನಕ್ಕಳು. ಮೊರದಲ್ಲಿದ್ದ ಕಾಳೆಲ್ಲ ಅಲ್ಲಾಡುವ ಹಾಗೆ ಚಿನ್ಮಯನೂ ನಕ್ಕ.

ಆ ಕೈಕಲ್ ಅನ್ನುವ ಮಾತಿನ ಬಾಲ ಕತ್ತರಿಸಿ ಬೈಗುಳ ಮಾಡಿಕೊಂಡರು ಎಂದು ಒಂದು ಕಥೆ. ಅದೊಂದೇ ಅಲ್ಲ, ಬೇರೆ ಕಥೆಗಳೂ ಇವೆಯಂತೆ. ಅದನ್ನು ಮುಂದೆ ಬರೆಯುತ್ತೇನೆ. ಸಹನಾ ಹೇಳಿದ ಒಂದು ಮಾತು ಮಾತ್ರ ಇಲ್ಲೇ ಇರಲಿ. "ಹೆಸರು ಬರೆಯೋಕೆ ಬರಲ್ಲ ಅಂತ ಸೊನ್ನೆ ಹಾಕಿದ್ರು ಅಜ್ಜಿ. ಆ ಸೊನ್ನೆನೇ ಅವರಿಗೆ ಹೆಸರು ಮಾಡ್ಬಿಟ್ರು."

ಆಗ ನಾನು ಎದ್ದು ಹೋದದ್ದು.

ಯಾಕೆಂದರೆ ಊರೆಲ್ಲ ಸೇರಿ ಸೊನ್ನೆಯನ್ನೇ ಹೆಸರು ಮಾಡಿಬಿಟ್ಟಿದ್ದ ಒಬ್ಬಳು ನನಗೆ ಗೊತ್ತಿದ್ದಳು. ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ನಾನು ನಿವೃತ್ತಿ ಆಗುವ ತನಕ ನನ್ನ ಪಕ್ಕದಲ್ಲಿ ನಿಂತು ಅಡುಗೆ ಮಾಡಿದವಳು. ಚಿನ್ಮಯ್, ನೀನು ಚಿಕ್ಕವನಿದ್ದಾಗ ನನ್ನ ಹತ್ತಿರ ಇದ್ದುಕೊಂಡು ಅದೇ ಶಾಲೆಗೆ ಹೋದೆಯಲ್ಲ, ಅವಳು ಬಡಿಸಿದ್ದನ್ನು ನೀನೂ ಉಂಡಿದ್ದೀಯ. ನಿನಗೆ ಗೊತ್ತಿರುವುದು ಸೊನ್ನಮ್ಮ ಅಂತ. ಅದು ಅವಳ ಹೆಸರಲ್ಲ. ಅವಳ ಹೆಸರನ್ನು ನಾನು ಇಲ್ಲಿ ಬರೆಯುವುದೂ ಇಲ್ಲ. ಮರೆತಿಲ್ಲ. ಬರೆಯಬೇಡ ಎಂದು ಅವಳೇ ಹೇಳಿದ್ದಳು.

ಕುಳ್ಳಗೆ ಇದ್ದಳು. ದೊಡ್ಡ ಪಾತ್ರೆಯೊಳಗೆ ಸೌಟು ಆಡಿಸಬೇಕಾದರೆ ಇಟ್ಟಿಗೆಯ ಮೇಲೆ ನಿಲ್ಲುತ್ತಿದ್ದಳು. ಆ ಇಟ್ಟಿಗೆಯನ್ನು ಬೇರೆ ಯಾರೂ ಮುಟ್ಟುವ ಹಾಗಿರಲಿಲ್ಲ, ಬೇಸಿಗೆ ರಜೆಯಲ್ಲಿ ಮನೆಗೆ ಎತ್ತಿಕೊಂಡು ಹೋಗಿ ಇಟ್ಟುಕೊಳ್ಳುತ್ತಿದ್ದಳು. ಮುಂದಿನ ಹಲ್ಲೊಂದು ಇರಲಿಲ್ಲವಾದ್ದರಿಂದ ನಗುವಾಗ ಸೆರಗು ಬಾಯಿಗೆ ಬರುತ್ತಿತ್ತು. ಅಕ್ಕಿ ತೊಳೆಯುವ ಮೊದಲು ಗಾಜಿನ ಬಳೆಗಳನ್ನು ಮೊಣಕೈವರೆಗೆ ಸರಿಸಿಕೊಳ್ಳುವಳು. ಸಾಯಂಕಾಲ ಮನೆಗೆ ಹೋಗುವಾಗಲೂ ಅವು ಅಲ್ಲೇ ಇರುತ್ತಿದ್ದವು, ಇಳಿಸಿಕೊಳ್ಳಲು ನೆನಪಾಗುತ್ತಿರಲಿಲ್ಲ. ಗಂಡ ಬೀರೂರಿನ ಮಂಡಿಯಲ್ಲಿ ಮೂಟೆ ಹೊರುವವನು. ಮಕ್ಕಳಿರಲಿಲ್ಲ. ಗಂಡನ ತಂಗಿಯೇ ನಮ್ಮ ಅಡುಗೆಮನೆಗೆ ಮುಖ್ಯ ಅಡುಗೆಯವಳು. ಅತ್ತಿಗೆ ನಾದಿನಿ ಇಬ್ಬರೂ ಒಂದೇ ಬೀದಿ, ಒಂದೇ ಒಲೆ, ದಿನಕ್ಕೊಂದು ಜಗಳ.

ಬಡಿಸುವಾಗ ಅವಳದೊಂದು ಕ್ರಮವಿತ್ತು. ಹೆಸರು ಹೇಳದ ಮಗುವಿನ ತಟ್ಟೆಗೆ ಸಾರು ಬೀಳುತ್ತಿರಲಿಲ್ಲ.

"ಹೆಸರೇನಲೇ?"

"ಗುಂಡ."

"ಗುಂಡ ಅಂತ ನಿಮ್ಮವ್ವ ತೊಟ್ಟಿಲಿಗೆ ಹಾಕಿ ಕೂಗಿದ್ಲಾ? ಪೂರ್ತಿ ಹೇಳು."

"ಗುರುಪ್ರಸಾದ."

"ಹಾಂ! ಬನ್ನಿ ಗುರುಪ್ರಸಾದಪ್ಪೋರೇ, ತಟ್ಟೆ ಈ ಕಡಿಕ್ಕೆ ಹಿಡೀರಿ."

ಹಿಂದೆ ಸಾಲು ಬೆಳೆಯುತ್ತಿತ್ತು. ಮೇಷ್ಟ್ರು ಜಗಲಿಯಿಂದ ಕೂಗುತ್ತಿದ್ದರು, "ಏನಮ್ಮಾ, ಅಲ್ಲಿ ಹಾಜರಿ ತಗೋತಾ ಇದ್ದೀರಾ?" ಅವಳು ಸೆರಗು ಬಾಯಿಗಿಟ್ಟುಕೊಂಡು ಮುಂದಿನ ಮಗುವನ್ನು ಕೇಳುತ್ತಿದ್ದಳು. ಕುಳ್ಳಿ, ಕರಿಯ, ಡುಮ್ಮಿ ಯಾವುದೂ ಅವಳ ಹತ್ತಿರ ನಡೆಯುತ್ತಿರಲಿಲ್ಲ. ಅವಳು ಕೇಳಿದ್ದರಿಂದಲೇ ತಮಗೊಂದು ಪೂರ್ತಿ ಹೆಸರಿದೆ ಎಂದು ನೆನಪಾದ ಮಕ್ಕಳೂ ಇದ್ದವು.

ಅಂಥವಳಿಗೇ ಹೀಗಾಯಿತು.

ನಮ್ಮ ಮೂವರಲ್ಲಿ ಅವಳೊಬ್ಬಳೇ ಹೆಬ್ಬೆಟ್ಟು ಒತ್ತುವವಳು. ಬೆಳಿಗ್ಗೆ ಬಂದ ಕೂಡಲೇ ಹೆಡ್‌ಮಾಸ್ಟರ ಕೋಣೆಯಲ್ಲಿ ನಾದಿನಿ ರುಜು ಹಾಕುವಳು, ನಾನು ಹಾಕುವೆನು, ಇವಳು ನೀಲಿ ಶಾಯಿಯ ಡಬ್ಬಿಗೆ ಬೆರಳು ಅದ್ದುವಳು. ಆಮೇಲೆ ನಲ್ಲಿಯ ಹತ್ತಿರ ಕೂತು ಬೂದಿ ಹಾಕಿ ಹೆಬ್ಬೆಟ್ಟು ತಿಕ್ಕುವುದೇ ತಿಕ್ಕುವುದು. "ಅನ್ನಕ್ಕೆ ಹತ್ಕೊಂತದೆ ಕಣಕ್ಕ" ಅನ್ನುತ್ತಿದ್ದಳು. ಒಂದು ದಿನ ತಿಕ್ಕುತ್ತಾ ತಿಕ್ಕುತ್ತಾ ತಲೆ ಎತ್ತದೆ ಹೇಳಿದಳು. "ಮಕ್ಕಳು ಕಿಟಕೀಲಿ ನೋಡ್ತವೆ. ಅಕ್ಷರ ಕಲಿಯೋ ಜಾಗದಲ್ಲಿ ನಿಂತ್ಕೊಂಡು ಹೆಬ್ಬೆಟ್ಟು ಒತ್ತೋದಾ? ನಂಗೆ ನನ್ನ ಹೆಸರು ಬರೆಯೋದು ಹೇಳಿಕೊಡು."

ನಾನು ಇನ್ನೊಬ್ಬರಿಗೆ ಕಲಿಸಿದ್ದು ಅದೊಂದೇ ಸಲ. ಅಕ್ಕಿ ಆರಿಸುವ ಮೊರದಲ್ಲಿ ಉಳಿಯುತ್ತಿದ್ದ ನುಚ್ಚಿನ ಹುಡಿಯ ಮೇಲೆ ಬೆರಳಿನಿಂದ ಬರೆದು ತೋರಿಸಿದೆ. ಮೊದಲ ಅಕ್ಷರ ರ. ದುಂಡಗೆ ಸುತ್ತಬೇಕು, ಮೇಲೆ ತಲೆಕಟ್ಟು ಕೊಡಬೇಕು. ದುಂಡು ಬಹಳ ಚೆನ್ನಾಗಿ ಬಂತು ಅವಳಿಗೆ, ನನಗಿಂತ ಚೆನ್ನಾಗಿ. ರೊಟ್ಟಿ ತಟ್ಟುವ ಕೈ. ತಲೆಕಟ್ಟು ಮಾತ್ರ ಹಾಕಲೊಲ್ಲಳು.

"ತಲೆಕಟ್ಟು ಹಾಕೇ."

"ಈಗಲೇ ಯಾಕೆ?"

"ಹಾಕದಿದ್ರೆ ಅದು ರ ಆಗಲ್ಲ ಕಣೇ, ಸೊನ್ನೆ ಆಯ್ತದೆ."

"ಇನ್ನೂ ಮಿಕ್ಕ ಅಕ್ಷರ ಬರಬೇಕಲ್ಲ? ಎಲ್ಲಾ ಬೆಂದ ಮೇಲೆ ತಾನೇ ಮುಚ್ಚಳ ಮುಚ್ಚೋದು. ಕೊನೇಗೆ ಎಲ್ಲದಕ್ಕೂ ಒಟ್ಟಿಗೆ ಹಾಕ್ತೀನಿ ಬಿಡು."

ತಲೆಕಟ್ಟನ್ನು ಅವಳು ಮುಚ್ಚಳ ಎಂದು ತಿಳಿದಿದ್ದಳು. ನಾನು ಎಷ್ಟು ಹೇಳಿದರೂ ಬದಲಾಯಿಸಲಿಲ್ಲ. ಅವಳು ಹೇಳುವಾಗ ಅದೂ ಸರಿ ಅನ್ನಿಸುತ್ತಿತ್ತು. ತೆರೆದಿಟ್ಟ ಪಾತ್ರೆ ಇನ್ನೂ ಒಲೆಯ ಮೇಲಿದೆ, ಅಡುಗೆ ನಡೆಯುತ್ತಿದೆ ಎಂದು ಅರ್ಥ.

ಇನ್ನೊಂದು ಮಾತನ್ನೂ ಆಗಲೇ ತೆಗೆದುಕೊಂಡಳು. ಅವಳ ಹೆಸರನ್ನು ಪೂರ್ತಿ ಬರೆದು ತೋರಿಸುತ್ತೇನೆ, ನೋಡಿಕೊಂಡು ತಿದ್ದು ಅಂದೆ. ಮೊರವನ್ನೇ ಎಳೆದುಕೊಂಡಳು. "ಬ್ಯಾಡ. ಒಂದೊಂದೇ ಅಕ್ಷರ ತೋರಿಸು, ಸಾಕು. ನನ್ನ ಹೆಸರು ಕಚೇರೀಲಿ ಬರ್ದವ್ರೆ, ರೇಷನ್ ಕಾರ್ಡಲ್ಲಿ ಬರ್ದವ್ರೆ, ಎಲ್ಲಾರೂ ಬರ್ದಾಯ್ತು. ನೀನೂ ಬರೀಬ್ಯಾಡ. ಒಂದು ಸಲ ನಾನೇ ಪೂರ್ತಿ ಬರೀತೀನಿ. ಆಮೇಲೆ ಬೇಕಾದ್ರೆ ಊರಿಗೆಲ್ಲ ಬರ್ಕೊಂಡು ತಿರುಗು."

ಆಯಿತು ಅಂದೆ.

ಮಾರನೆಯ ದಿನ ಹೆಡ್‌ಮಾಸ್ಟರ ಕೋಣೆಯಲ್ಲಿ ಅವಳು ಶಾಯಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದಳು. ಉಸಿರು ಬಿಗಿಹಿಡಿದು ಒಂದು ದುಂಡು ಸುತ್ತಿದಳು. ಅಷ್ಟು ಅಂದವಾದ ದುಂಡನ್ನು ಆ ಪುಸ್ತಕ ಕಂಡಿರಲಿಕ್ಕಿಲ್ಲ. ಹೆಡ್‌ಮಾಸ್ಟರು ಒಳ್ಳೆಯವರು. "ಇದೇನಮ್ಮ?" ಅಂದರು. "ಸುರು ಮಾಡಿವ್ನಿ ಸಾ" ಅಂದಳು. ಅವರು ನಕ್ಕು ಪುಸ್ತಕ ಮುಚ್ಚಿದರು.

ಅಡುಗೆಮನೆಗೆ ಬಂದ ಕೂಡಲೇ ನಾದಿನಿ ಶುರುಮಾಡಿದಳು. ಅವಳಿಗೂ ಹಿಂದೆ ಅಕ್ಷರ ಬರುತ್ತಿರಲಿಲ್ಲ. ಸಂಜೆಯ ಶಾಲೆಗೆ ಹೋಗಿ ಕೆಲವು ವರ್ಷಗಳ ಕೆಳಗಷ್ಟೇ ರುಜು ಕಲಿತಿದ್ದಳು. ಅಂದು ಮೇಷ್ಟ್ರೊಬ್ಬರು ತಮ್ಮ ಖರ್ಚಿನಲ್ಲಿ ಮಕ್ಕಳಿಗೆ ಮೊಟ್ಟೆ ತರಿಸಿದ್ದರು. ಬುಟ್ಟಿಯಿಂದ ಒಂದು ಮೊಟ್ಟೆ ಎತ್ತಿ ಹಿಡಿದು, "ನೋಡ್ರೇ, ನಮ್ಮತ್ತಿಗೆ ರುಜು ಹಾಕಿ ಕಳಿಸವ್ಳೆ!" ಅಂದಳು. ನಾವಿಬ್ಬರೂ ನಕ್ಕೆವು. ಅವಳೂ ನಕ್ಕಳು. "ಏ ಸೊನ್ನಮ್ಮಾ, ಬೇಳೆ ಇಳಿಸೇ" ಎಂದಳು ನಾದಿನಿ. ಅಲ್ಲಿಂದ ಶುರು.

ಅವತ್ತು ಅದು ಬೈಗುಳವಾಗಿರಲಿಲ್ಲ. ಬೆಳಗಿನ ತಮಾಷೆ, ಬೇಳೆ ಬೇಯುವಷ್ಟರಲ್ಲಿ ಮುಗಿಯಬೇಕಿದ್ದದ್ದು. ಆದರೆ ಬಡಿಸುವ ಹೊತ್ತಿಗೆ ಮಕ್ಕಳ ಬಾಯಿಗೆ ಬಂದಿತ್ತು. ಮಕ್ಕಳಿಂದ ಮೇಷ್ಟ್ರುಗಳಿಗೆ, ಅಲ್ಲಿಂದ ನ್ಯಾಯಬೆಲೆ ಅಂಗಡಿಗೆ, ಹಾಲಿನ ಡೈರಿಗೆ.

ಸಹನಾ, ನಾನು ಬಚ್ಚಲಿಂದ ವಾಪಸು ಬಂದ ಮೇಲೆ ನೀನು ಎರಡನೆಯ ಕಥೆ ಹೇಳಿದೆಯಲ್ಲ. ಕೈಕಲ್ ಕಥೆಯನ್ನು ಎಲ್ಲರೂ ಒಪ್ಪುವುದಿಲ್ಲ, ಇನ್ನು ಕೆಲವರು ಹೇಳುವುದು ಬೇರೆ ಎಂದು. ಆ ಬಡವರಿಗಿಂತ ಮೊದಲೇ ಜರ್ಮನಿ ಕಡೆಯಿಂದ ಅಮೆರಿಕಕ್ಕೆ ಹೋಗಿ ಅಂಗಡಿ ಮುಂಗಟ್ಟು ಮಾಡಿಕೊಂಡು ನೆಲೆ ನಿಂತಿದ್ದ ಯಹೂದಿಗಳೂ ಇದ್ದರು. ಆಮೇಲೆ ಬಂದವರ ಹೆಸರುಗಳು ಕಿ, ಸ್ಕಿ ಎಂದು ಮುಗಿಯುತ್ತಿದ್ದವಂತೆ. ಆ ಕಿಕಾರದ ಬಾಲ ಹಿಡಿದು ಮೊದಲು ಆಡಿಕೊಂಡದ್ದು ಹೊರಗಿನವರಲ್ಲ, ಮೊದಲು ಹೋಗಿದ್ದ ಆ ತಮ್ಮವರೇ ಎಂದು. ಅದು ಆಮೇಲೆ ಹೊರಗಿನವರ ಕೈಗೆ ಸಿಕ್ಕಿ ಕಲ್ಲಾಯಿತು. ನೀನು ಹೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ನಾದಿನಿಯ ಕೈಯಲ್ಲಿದ್ದ ಮೊಟ್ಟೆ. ತಾನು ನಿನ್ನೆ ದಾಟಿ ಬಂದ ಹೊಳೆಯಲ್ಲಿ ಇವತ್ತು ಕಾಲಿಟ್ಟವರನ್ನು ಕಂಡರೆ ಯಾಕೋ ನಗು ಬರುತ್ತದೆ ಮನುಷ್ಯರಿಗೆ.

ಅವರು ಪಟ್ಟ ಪಾಡಿಗೂ ನಮ್ಮೂರ ಈ ಸಂಕಟಕ್ಕೂ ನಾನು ಸಮ ಹಿಡಿಯಲಾರೆ. ಬೇರೊಂದು ದೇಶದಲ್ಲಿ ಅದೇ ಜನರ ಹೆಸರು ಕಿತ್ತು, ತೋಳಿನ ಮೇಲೆ ನಂಬರು ಚುಚ್ಚಿ ಕೊಂದರು ಎಂದೂ ಸಹನಾ ಹೇಳಿದಳು. ಅದನ್ನು ಕೇಳಿದ ಮೇಲೆ ನನಗೆ ಅವರೆಕಾಯಿ ಬಿಡಿಸಲಾಗಲಿಲ್ಲ. ನನಗೆ ತಿಳಿದದ್ದು ಒಬ್ಬಳ ಕಥೆ. ಅಷ್ಟನ್ನೇ ಬರೆಯುತ್ತೇನೆ.

ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದಮೇಲೆ ನಾವಿಬ್ಬರೂ ಒಂದು ಸಲ ತರೀಕೆರೆಗೆ ಹೋದೆವು. ಅವಳಿಗೆ ಹೊಟ್ಟೆನೋವು, ಆಸ್ಪತ್ರೆಗೆ ತೋರಿಸಬೇಕಿತ್ತು. ಕಂಡಕ್ಟರು ಅಜ್ಜಂಪುರದವನೇ, ಅವಳ ಕೈಯಲ್ಲಿ ಉಂಡು ಬೆಳೆದ ಹುಡುಗ. ಟಿಕೆಟು ಹರಿದು ಕೊಡುತ್ತಾ ಬಸ್ಸಿಗೆಲ್ಲ ಕೇಳುವ ಹಾಗೆ, "ಸೊನ್ನಮ್ಮಂಗೆ ಸೊನ್ನೆ ಟಿಕೆಟ್ಟು!" ಅಂದ. ಬಸ್ಸೆಲ್ಲ ನಕ್ಕಿತು. ಅವನಿಗೆ ಕೆಟ್ಟ ಮನಸ್ಸಿರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಸ್ವಲ್ಪ ದೂರ ಹೋದಮೇಲೆ ಮೆಲ್ಲಗೆ, "ಆ ಹುಡುಗನ ಹೆಸರು ಮಂಜುನಾಥ. ಮೂರನೇ ಕ್ಲಾಸಲ್ಲಿ ಸಾರು ಬ್ಯಾಡ, ಬರೀ ಅನ್ನ ಅಂತಿದ್ದ" ಅಂದಳು. ಅಷ್ಟೇ.

ಅಲ್ಲಿಂದ ಊರಿನಲ್ಲಿ ಹೊಸ ಕಥೆಯೇ ಹುಟ್ಟಿತು. ಪುಕ್ಕಟೆ ಬಸ್ಸಿನಲ್ಲಿ ಓಡಾಡುತ್ತಾಳಲ್ಲ, ಅದಕ್ಕೇ ಸೊನ್ನಮ್ಮ ಎಂದು ಕೆಲವರು. ಚಿನ್ಮಯ್, ನೀನೂ ಒಂದು ಸಲ "ಬಸ್ ಟಿಕೆಟ್ ಸೊನ್ನಮ್ಮ ತಾನೇ ಅಜ್ಜಿ?" ಅಂದೆ. ಅಲ್ಲ ಮಗಾ. ಹೆಸರು ಮೊದಲು, ಪುಕ್ಕಟೆ ಬಸ್ಸು ಬಹಳ ಆಮೇಲೆ. ಮಕ್ಕಳಾಗಲಿಲ್ಲವಲ್ಲ, ಮಡಿಲು ಸೊನ್ನೆ, ಅದಕ್ಕೇ ಎಂದು ಇನ್ನು ಕೆಲವರು. ಇದನ್ನು ನಲ್ಲಿಯ ಹತ್ತಿರ ಒಬ್ಬಳು ಅವಳ ಎದುರಿಗೇ ಹೇಳಿದಳು. ಅವಳು ಕೊಡ ತುಂಬುವವರೆಗೂ ನಿಂತಿದ್ದು, ತುಂಬಿದ ಮೇಲೆ ಎತ್ತಿಕೊಂಡು ಬಂದಳು. ಅಂದು ಅಡುಗೆಮನೆಯಲ್ಲಿ ಅವಳ ಬಳೆಗಳು ಮೇಲೇರಲಿಲ್ಲ. ಅಕ್ಕಿಯ ನೀರಿನಲ್ಲೇ ಮುಳುಗಿದ್ದವು.

ಅವಳು ಒಂದೇ ಒಂದು ಸಲ ಎದುರು ನಿಂತಳು. ಅದೂ ಕೂತುಕೊಂಡೇ.

ಆಗಸ್ಟ್ ಹದಿನೈದರ ಬಾವುಟ ಹಾರಿಸಿದ ಮೇಲೆ ಅಡುಗೆಯವರಿಗೂ ಶಾಲು ಹೊದಿಸಬೇಕು ಎಂದು ಆ ಸಲ ಮೇಷ್ಟ್ರುಗಳು ತೀರ್ಮಾನಿಸಿದ್ದರು. ನಮ್ಮನ್ನು ಮುಂದಿನ ಬೆಂಚಿನ ಮೇಲೆ ಕೂರಿಸಿದರು. ಮೈಕಿನಲ್ಲಿ ನಾದಿನಿಯ ಹೆಸರು ಕೂಗಿದರು, ಹೋಗಿ ಬಂದಳು. ನನ್ನ ಹೆಸರು ಕೂಗಿದರು, ಹೇಗೋ ಹೋಗಿ ಬಂದೆ. ಆಮೇಲೆ ಮೈಕು ಹಿಡಿದವರು, "ನಮ್ಮೆಲ್ಲರ ಪ್ರೀತಿಯ ಸೊನ್ನಮ್ಮನವರು!" ಅಂದರು. ಮಕ್ಕಳು ಹೋ ಎಂದು ಚಪ್ಪಾಳೆ ತಟ್ಟಿದವು. ಅವಳು ಅಲ್ಲಾಡಲಿಲ್ಲ. ಮತ್ತೆ ಕೂಗಿದರು.

"ಎದ್ದೇಳೇ, ನಿನ್ನೇ ಕರೀತವ್ರೆ" ಅಂದು ನಾದಿನಿ ತಿವಿದಳು.

"ಅದ್ಯಾರೋ. ನಾನಲ್ಲ."

"ಮಾನ ಕಳೀಬ್ಯಾಡ, ಎದ್ದೇಳು. ಶಾಲು ಹಾಕ್ತಾರೆ."

"ಹೆಸರಿಟ್ಟು ಕರೀಲಿ, ಹೋಯ್ತೀನಿ."

ಮೈಕು ಹಿಡಿದವರಿಗೆ ಏನೂ ತಿಳಿಯಲಿಲ್ಲ. ಅವರು ಹೊಸಬರು, ಅದೇ ಅವಳ ಹೆಸರೆಂದು ತಿಳಿದಿದ್ದರು. ಆ ಮೇಲೆ ಬೇರೆ ಯಾರನ್ನೋ ಕರೆದರು, ಕಾರ್ಯಕ್ರಮ ಮುಂದೆ ಹೋಯಿತು. ಅವಳ ಶಾಲು ಮೇಜಿನ ಮೇಲೇ ಉಳಿಯಿತು. ಮಧ್ಯಾಹ್ನ ಪಾತ್ರೆ ತೊಳೆಯುವಾಗ ನಾನು, "ನಿನ್ನ ಹೆಸರು ಇಂಥದ್ದು ಅಂತ ಅವರ ಹತ್ರ ಹೇಳ್ಬೋದಿತ್ತಲ್ಲ" ಅಂದೆ.

"ಹೇಳಿದ್ರೆ ನಾಳೆಗೆ ಮರೀತಾರೆ ಕಣಕ್ಕ. ಬರ್ದು ತೋರಿಸಿದ್ರೆ ಮರೆಯಲ್ಲ. ಆ ಪುಸ್ತಕದಲ್ಲಿ ನನ್ನ ಕೈಯಾರ ಪೂರ್ತಿ ಬೀಳ್ಲಿ, ಆಮೇಲೆ ಯಾವನು ಸೊನ್ನೆ ಅಂತಾನೆ ನೋಡಾನ."

ಅಂದಿನಿಂದ ಜೋರಾಗಿ ಕಲಿಯತೊಡಗಿದಳು. ಬೇಳೆ ಬೇಯುವಾಗ, ಹಾಲು ಕಾಯುವಾಗ, ಒದ್ದೆ ಬೆರಳಿನಲ್ಲಿ ಕಲ್ಲುಚಪ್ಪಡಿಯ ಮೇಲೆ ಬರೆಯುವಳು. ನೀರು ಆರಿಹೋದರೆ ಮತ್ತೆ ಬರೆಯುವಳು. ಎರಡನೆಯ ಅಕ್ಷರ ಬಂತು, ಮೂರನೆಯದೂ ಬಂತು. ಕೊನೆಯದು ಒತ್ತಕ್ಷರ. ಅದರ ಒತ್ತು ಒಂದು ಸಲ ಮೇಲೆ ಹೋಗುವುದು, ಒಂದು ಸಲ ಪಕ್ಕಕ್ಕೆ. ಅದೊಂದು ಬರಲೊಲ್ಲದು. ಯಾವುದಕ್ಕೂ ಇನ್ನೂ ತಲೆಕಟ್ಟು ಇಲ್ಲ, ಸಾಲಾಗಿ ತೆರೆದಿಟ್ಟ ಪಾತ್ರೆಗಳು. ಪುಸ್ತಕದಲ್ಲಿ ಮಾತ್ರ ದಿನವೂ ಮೊದಲಿನ ಆ ದುಂಡೊಂದನ್ನೇ ಸುತ್ತುತ್ತಿದ್ದಳು. "ಅರ್ಧಂಬರ್ಧ ಬೆಂದಿದ್ದನ್ನ ಬಡಿಸಬಾರದು" ಅನ್ನುತ್ತಿದ್ದಳು.

ಆ ಹೊತ್ತಿಗೆ ನನಗೆ ಅರವತ್ತಾಯಿತು, ಕೆಲಸ ಬಿಟ್ಟೆ. ಅವಳ ಹೊಟ್ಟೆನೋವು ಬಿಡಲಿಲ್ಲ. ತರೀಕೆರೆಯವರು ಶಿವಮೊಗ್ಗಕ್ಕೆ ಬರೆದುಕೊಟ್ಟರು. ಶಿವಮೊಗ್ಗದವರು ಹೊಟ್ಟೆ ಕೊಯ್ದು ನೋಡಿ, ಮಾಡುವುದಕ್ಕೆ ಏನೂ ಉಳಿದಿಲ್ಲವೆಂದು ಹೊಲಿದು ಕಳಿಸಿದರು. ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು.

ಕೊನೆಯ ಸಲ ನೋಡಲು ಹೋದದ್ದು ಒಂದು ಬೆಳಿಗ್ಗೆ, ಶಾಲೆಗೆ ಗಂಟೆ ಹೊಡೆಯುವ ಹೊತ್ತು. ಅವರ ಮನೆಗೆ ಆ ಗಂಟೆ ಕೇಳುತ್ತದೆ. ಮಂಚದ ಮೇಲೆ ಮಗುವಿನಷ್ಟಾಗಿ ಮಲಗಿದ್ದಳು. ಬಳೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಬಿಚ್ಚಿ ತಲೆದಿಂಬಿನ ಪಕ್ಕ ಇಟ್ಟಿದ್ದರು. ಮಂಚದ ಕೆಳಗೆ ಅವಳ ಇಟ್ಟಿಗೆ. ನಾದಿನಿ ಗಂಜಿ ಕುಡಿಸುತ್ತಿದ್ದಳು. ಆ ದಿನಗಳಲ್ಲಿ ಅವಳಷ್ಟು ಚೆನ್ನಾಗಿ ಹೆತ್ತ ಮಗಳೂ ನೋಡಿಕೊಳ್ಳುತ್ತಿರಲಿಲ್ಲ, ಅದನ್ನೂ ಬರೆಯಬೇಕು.

ನನ್ನನ್ನು ನೋಡಿ ನಕ್ಕಳು. ಸೆರಗು ಬಾಯಿಗೆ ತರಲು ಕೈ ಏಳಲಿಲ್ಲ. ಹಲ್ಲಿಲ್ಲದ ಆ ನಗುವನ್ನು ನಾನು ಪೂರ್ತಿಯಾಗಿ ನೋಡಿದ್ದು ಅಂದೇ. ಕಂಬಳಿಯ ಮೇಲೆ ಅವಳ ಬೆರಳು ಆಡುತ್ತಿತ್ತು. ಬಗ್ಗಿ ನೋಡಿದೆ. ದುಂಡು. ಅದರ ಪಕ್ಕ ಎರಡನೆಯದು. ಮೂರನೆಯದು. ಅಲ್ಲಿಗೆ ನಿಂತಿತು.

"ಇನ್ನೊಂದೇ ಕಣಕ್ಕ" ಅಂದಳು.

"ಇರೋದಕ್ಕೇ ಮುಚ್ಚಳ ಹಾಕ್ಬಿಡೇ. ಸಾಕು. ನಾನು ನೋಡ್ತೀನಿ, ಓದ್ತೀನಿ."

ಅವಳು ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿದಳು.

"ಬೆಂದಿಲ್ಲ" ಅಂದಳು.

ಅದೇ ವಾರ ಹೋದಳು.

ಮಣ್ಣಿಗೆ ಎತ್ತುವಾಗ ನಾದಿನಿ ಅಂಗಳದಲ್ಲಿ ಬಿದ್ದು ಹೊರಳಾಡಿ ಅತ್ತಳು. "ಅಯ್ಯೋ ನನ್ನ ಸೊನ್ನಮ್ಮಾ, ನನ್ನೊಬ್ಬಳನ್ನೇ ಬಿಟ್ಟು ಎಲ್ಲಿಗೆ ಹೊಂಟ್ಯೇ! ಯಾರ ಜೊತೆ ಜಗಳ ಆಡ್ಲೇ ಸೊನ್ನಮ್ಮಾ!" ಅವಳ ಅಳುವಿನಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ. ಅವಳಿಗೆ ಈಗ ಅದೇ ಮುದ್ದಿನ ಹೆಸರು. ಬೇರೆ ಹೆಸರು ಬಾಯಿಗೆ ಬರುವುದು ಎಂದೋ ನಿಂತುಹೋಗಿತ್ತು. ಮಲಗಿಸಿದ್ದವಳು ಎದ್ದು ಕೂತು, ಅದ್ಯಾರೋ, ನಾನಲ್ಲ ಅನ್ನುವಳೇನೋ ಎಂದು ಮುಖ ನೋಡಿದೆ. ಹೂವಿನ ನಡುವೆ ಆ ಮುಖ ಸುಮ್ಮನಿತ್ತು.

ಮಾರನೆಯ ದಿನ ನಾದಿನಿ, "ನಂಗೆ ಕಾಲೇಳಲ್ಲ, ಅಡುಗೆಮನೆ ಬೀಗದ ಕೈ ಅಲ್ಲಿಗೆ ಮುಟ್ಟಿಸಕ್ಕ" ಎಂದು ಕೊಟ್ಟಳು. ಶಾಲೆಗೆ ಹೋದೆ. ಮಕ್ಕಳನ್ನೆಲ್ಲ ದೊಡ್ಡ ಕೋಣೆಯಲ್ಲಿ ಕೂರಿಸಿದ್ದರು. ಹೆಡ್‌ಮಾಸ್ಟರು ಮೀಟಿಂಗಿಗೆ ತರೀಕೆರೆಗೆ ಹೋಗಿದ್ದರು, ಹೊಸದಾಗಿ ಬಂದ ಸಣ್ಣ ವಯಸ್ಸಿನ ಮೇಡಂ ಒಬ್ಬರೇ ಇದ್ದರು. ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಹೂವಿನ ಬಳ್ಳಿ ಬಿಡಿಸಿ, ನಡುವೆ ದುಂಡು ಅಕ್ಷರದಲ್ಲಿ ಬರೆದಿದ್ದರು. ಶ್ರೀಮತಿ ಸೊನ್ನಮ್ಮನವರಿಗೆ ಶ್ರದ್ಧಾಂಜಲಿ.

ಬೀಗದ ಕೈ ಮೇಜಿನ ಮೇಲಿಟ್ಟು ಬಂದುಬಿಡಬಹುದಿತ್ತು. ನಾನು ಅಂಥವಳೇ. ಬಾಗಿಲಿನವರೆಗೆ ಹೋದೆ ಕೂಡ. ಆದರೆ ಕಾಲು ಮುಂದೆ ಬರಲಿಲ್ಲ.

"ಮೇಡಂ, ಅದು ಅವಳ ಹೆಸರಲ್ಲ" ಅಂದೆ. ನನ್ನ ದನಿ ನನಗೇ ಕೇಳಲಿಲ್ಲ. ಎರಡನೆಯ ಸಲ ಅಂದಾಗ ಅವರಿಗೆ ಕೇಳಿತು.

ಆ ಹುಡುಗಿಯ ಮುಖ ಬಿಳಿಚಿಕೊಂಡಿತು. "ಅಯ್ಯೋ, ಎಲ್ಲರೂ ಹಾಗೇ ಅಂತಿದ್ರಲ್ಲಮ್ಮ. ಹಾಜರಿ ಪುಸ್ತಕ ಬೀರುವಿನಲ್ಲಿದೆ, ಬೀಗದ ಕೈ ಸರ್ ಹತ್ರ ಇದೆ. ನಿಮಗೆ ಗೊತ್ತಲ್ಲ, ಹೇಳಿ, ಈಗಲೇ ಅಳಿಸಿ ಬರೀತೀನಿ" ಎಂದು ಡಸ್ಟರು ತೆಗೆದುಕೊಂಡು ಸೊನ್ನಮ್ಮ ಅನ್ನುವುದನ್ನು ಒರೆಸಿದರು. ಹೂಬಳ್ಳಿಯ ನಡುವೆ ಕರಿ ಜಾಗ ಉಳಿಯಿತು. ಸೀಮೆಸುಣ್ಣ ಹಿಡಿದು ನನ್ನನ್ನೇ ನೋಡುತ್ತಾ ನಿಂತರು.

ಹೆಸರು ನಾಲಿಗೆಯ ತುದಿಯಲ್ಲಿತ್ತು. ಒಂದು ಸಲ ನಾನೇ ಪೂರ್ತಿ ಬರೀತೀನಿ ಅಂದಿದ್ದಳು. ನಾನು ಹೇಳಿದರೆ ಮೇಡಂ ಬರೆಯುತ್ತಾರೆ. ಕಚೇರಿಯವರು ಬರೆದ ಹಾಗೆ, ರೇಷನ್ ಕಾರ್ಡಿನವರು ಬರೆದ ಹಾಗೆ, ಇನ್ನೊಬ್ಬರು.

ನಾನೇ ಸೀಮೆಸುಣ್ಣ ತೆಗೆದುಕೊಂಡೆ. ಏಳನೇ ತರಗತಿ ಬಿಟ್ಟಮೇಲೆ ಕರಿಹಲಗೆಯ ಮುಂದೆ ನಿಂತದ್ದು ಅದೇ ಮೊದಲು. ಒಂದು ದುಂಡು ಸುತ್ತಿದೆ. ಅವಳದರಷ್ಟು ಚೆನ್ನಾಗಿ ಬರಲಿಲ್ಲ.

"ಸೊನ್ನೆ!" ಅಂದವು ಮಕ್ಕಳು ಎಲ್ಲಾ ಒಟ್ಟಿಗೆ.

ಒಲೆ ಆರಿಹೋಗಿತ್ತು. ಇನ್ನು ಬೇಯುವುದು ಏನಿದೆ? ಅವಳು ತನ್ನ ಕೈಯಾರ ದಿನದಿನವೂ ಬರೆದ ಆ ಒಂದಕ್ಕೆ, ಅಷ್ಟಕ್ಕೆ ಮಾತ್ರ, ಮೇಲೆ ತಲೆಕಟ್ಟು ಕೊಟ್ಟೆ.

ಆಮೇಲೆ, ಪಾಠ ಓದುವ ಹಾಗೆ, ಇಡೀ ಕೋಣೆ ಒಂದೇ ದನಿಯಲ್ಲಿ ಓದಿತು.

"ರ."

ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ, "ಆಮೇಲೆ ಅಜ್ಜಿ? ರ ಆದ್ಮೇಲೆ ಏನು?" ಅಂದಳು. ನಾನು ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಬಂದೆ. ಮೇಡಂ ಅದನ್ನು ಹಾಗೇ ಬಿಟ್ಟಿದ್ದರಂತೆ, ಒಂದು ವಾರ.

ಸಹನಾ, ಆ ಇಂಗ್ಲಿಷ್ ಪದದ ನಿಜವಾದ ಮೂಲ ಯಾವುದು ಎಂದು ನಾನು ಕೇಳಿದಾಗ, "ಖಚಿತವಾಗಿ ಯಾರಿಗೂ ಗೊತ್ತಿಲ್ಲ ಅಜ್ಜಿ" ಅಂದೆ. ಬೈಗುಳ ಉಳಿದಿದೆ. ಸೊನ್ನೆ ಸುತ್ತಿದ ಕೈ ಯಾರದು, ಅವರ ಹೆಸರೇನಿತ್ತು, ಯಾಕೆ ಸುತ್ತಿದರು ಅನ್ನುವುದು ಹೋಗಿದೆ. ಅವತ್ತು ಪಕ್ಕದಲ್ಲಿ ನಿಂತು ನೋಡಿದವರು ಯಾರಾದರೂ ನಾಲ್ಕು ಸಾಲು ಬರೆದಿಟ್ಟಿದ್ದರೆ ನಿಮ್ಮ ಮೇಷ್ಟ್ರು ಎರಡೆರಡು ಕಥೆ ಹೇಳಬೇಕಾಗಿರಲಿಲ್ಲ. ಇಲ್ಲಿ ನಾನು ನೋಡಿದ್ದೇನೆ. ಅಜ್ಜಂಪುರದಲ್ಲಿ ಇನ್ನೂ ಏನಾದರೂ ಬಾರದವರನ್ನು, ತಪ್ಪಿದವರನ್ನು, ಹೋಗಲೇ ಸೊನ್ನಮ್ಮ ಅನ್ನುತ್ತಾರೆ. ನಮ್ಮ ಬೀದಿಯ ಮಕ್ಕಳು ಆಟದಲ್ಲಿ ಅಂದಿದ್ದನ್ನು ನಿನ್ನೆ ಕೇಳಿದೆ. ಅವಳನ್ನು ಕಂಡ ಮಕ್ಕಳಲ್ಲ ಅವು.

ಅದಕ್ಕೇ ಬರೆದೆ. ನಾನು ಹೋದಮೇಲೆ ಮನೆ ಗುಡಿಸುವಾಗ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ. ನನ್ನ ಟ್ರಂಕಿನಲ್ಲಿ ಸೀರೆಗಳ ನಡುವೆ ಇಟ್ಟಿರುತ್ತೇನೆ, ನುಸಿಗುಳಿಗೆ ಹಾಕಿದ್ದೇನೆ. ಇಬ್ಬರಲ್ಲಿ ಯಾರಾದರೂ ಒಬ್ಬರು ತೆಗೆದುಕೊಂಡು ಜೋಪಾನ ಮಾಡಿ. ಯಾವಾಗಲಾದರೂ ಯಾರಾದರೂ, ಸೊನ್ನಮ್ಮ ಅಂತ ಯಾಕೆ ಅಂತಾರೆ ಎಂದು ಕೇಳಿದರೆ ತೆಗೆದು ತೋರಿಸಿ. ಬಸ್ ಟಿಕೆಟಿನಿಂದಲ್ಲ, ಬರಿದಾದ ಮಡಿಲಿನಿಂದಲ್ಲ, ಅದು ಸೊನ್ನೆಯೇ ಅಲ್ಲ ಎಂದು ಹೇಳಿ. ಒಬ್ಬಳು ತನ್ನ ಹೆಸರು ಬರೆಯಲು ಕೂತಿದ್ದಳು, ಇನ್ನೂ ಬರೆಯುತ್ತಿದ್ದಳು ಎಂದು ಹೇಳಿ.